ಮ್ಯೂಸಿಕ್ ವಿಡಿಯೋ ಶೂಟಿಂಗ್: ‘ಮಳೆ ಬಂದರೆ ಛತ್ರಿ’ ಬಿಟ್ಟು ಇನ್ನೇನು ಬರೆಯಲಿ?

ಸೆಕೆಂಡ್‌ಬೆಂಚ್_ಕುಡ್ಲ

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಲ್ಲಿ ಪತ್ರಿಕೋದ್ಯಮ ಡಿಗ್ರಿ ಎರಡನೇ ವರ್ಷ. ನಮ್ಮ ಏಳು ಜನರ ಗುಂಪಿಗೆ ನಾಲ್ಕು ನಿಮಿಷದ ಮ್ಯೂಸಿಕ್ ವಿಡಿಯೋ ಮಾಡುವ ಪ್ರಾಜೆಕ್ಟ್ ಸಿಕ್ಕಿದೆ. ಹಾಡು ನಮ್ಮದೇ. ಕ್ಲಾಸಿನ ಹುಡುಗನೊಬ್ಬ ಬರೆದು ಹಾಡಿದ್ದಾನೆ, ಅರ್ಧ ಕನ್ನಡ ಅರ್ಧ ತುಳು. ರೆಕಾರ್ಡಿಂಗ್ ಮುಗಿದಿದೆ. ಶೂಟಿಂಗ್ ಫೆಬ್ರವರಿ ಮಧ್ಯದ ಎರಡು ಶನಿವಾರ.

ಅದಕ್ಕೆ ಮೊದಲು ‘ಏನೇನು ಕೆಡಬಹುದು, ಕೆಟ್ಟರೆ ಏನು ಮಾಡುತ್ತೀರಿ’ ಎಂದು ಎರಡು ಪುಟ ಬರೆದು ಕೊಡಬೇಕು. 10 ಮಾರ್ಕ್ಸ್. ನಾವು ಬರೆದದ್ದು: ಮಳೆ ಬಂದರೆ ಛತ್ರಿ, ಬ್ಯಾಟರಿ ಮುಗಿದರೆ ಇನ್ನೊಂದು ಬ್ಯಾಟರಿ, ಯಾರಾದರೂ ಬಾರದಿದ್ದರೆ ಬೇರೆಯವರು. ಲೆಕ್ಚರರ್ ಓದಿ ನಕ್ಕರು. ‘ಫೆಬ್ರವರಿಯಲ್ಲಿ ಮಂಗಳೂರಲ್ಲಿ ಮಳೆಯಾ? ಎಲ್ಲಿಂದ ಎತ್ತಿದ್ದು ಇದು?’ ಎಂದು ಕೇಳಿದರು. ನಾವು ನೆಲ ನೋಡಿದೆವು.

ನಮ್ಮ ಪ್ಲಾನ್ ಹೀಗುಂಟು. ತಣ್ಣೀರುಬಾವಿ ಬೀಚ್‌ನಲ್ಲಿ ಸೂರ್ಯ ಮುಳುಗುವ ಹೊತ್ತು, ಬಂದರಿನ ದಕ್ಕೆ (ಬೋಟು ನಿಲ್ಲುವ ಕಟ್ಟೆ), ಗೆಳತಿಯ ಅಜ್ಜಿಯ ಹಳೆಯ ಹಂಚಿನ ಮನೆ (ಕಾರ್ಕಳ ಹತ್ತಿರ), ಕೋಲದ (ದೈವಾರಾಧನೆಯ) ವೇಷದಲ್ಲಿ ಒಬ್ಬ ಕುಣಿಯುವ ಎರಡು ಶಾಟ್. ಡ್ರೋನ್ ಸೀನಿಯರ್ ಒಬ್ಬರು ಕೊಡುತ್ತಾರಂತೆ. ಕ್ಯಾಮರಾ ಒಂದು, ಫೋನ್ ಎರಡು. ಖರ್ಚಿಗೆ ತಲೆಗೆ 500 ರೂಪಾಯಿ.

ಶೂಟಿಂಗ್ ಮಾಡಿದವರು ಇದ್ದರೆ, ನಿಮಗೆ ನಿಜವಾಗಿ ಏನು ಕೆಟ್ಟಿತ್ತು ಎಂದು ಹೇಳಿ ಪ್ಲೀಸ್.

ಗೋಳಿಬಜೆ_ಫ್ಯಾನ್

ತಲೆಗೆ 500 ಅಂದರೆ 3500. ಅದರಲ್ಲಿ 2000 ಗೋಳಿಬಜೆ, ಚಾಕ್ಕೇ ಹೋಗುತ್ತದೆ. ಅದನ್ನೂ ಬರೆಯಿರಿ.

ಮದುವೆವಿಡಿಯೋ_ಅಣ್ಣ

ತಂಗಿ, ನಾನು ಉಡುಪಿ ಕಡೆ ಮದುವೆ ವಿಡಿಯೋ ಮಾಡುತ್ತಾ 14 ವರ್ಷ ಆಯಿತು. ನಮ್ಮ ಕೆಲಸದಲ್ಲಿ ರೀಟೇಕ್ ಇಲ್ಲ. ಧಾರೆ ಒಮ್ಮೆಯೇ ಎರೆಯುವುದು. ಆ ಹೊತ್ತಿಗೆ ಬ್ಯಾಟರಿ ಮುಗಿದರೆ ಹುಡುಗಿಯ ಅಪ್ಪನ ಹತ್ತಿರ ‘ಇನ್ನೊಮ್ಮೆ ಎರೆಯಿರಿ’ ಎನ್ನಲು ಆಗುತ್ತದಾ?

ನಿಮ್ಮ ಪಟ್ಟಿಯಲ್ಲಿ ‘ಬ್ಯಾಟರಿ ಮುಗಿದರೆ ಇನ್ನೊಂದು ಬ್ಯಾಟರಿ’ ಎಂದು ಉಂಟಲ್ಲ, ಆ ಇನ್ನೊಂದು ಬ್ಯಾಟರಿ ಯಾರ ಚೀಲದಲ್ಲಿ? ಹಿಂದಿನ ರಾತ್ರಿ ಅದನ್ನು ಚಾರ್ಜಿಗೆ ಹಾಕುವುದು ಯಾರು? ಹೆಸರು ಬರೆಯದಿದ್ದರೆ ‘ಅವನು ತರುತ್ತಾನೆ’ ಎಂದುಕೊಂಡು ಏಳು ಜನವೂ ಬರಿಗೈಯಲ್ಲಿ ಬರುತ್ತೀರಿ. ಹೆಸರಿನ ಪಕ್ಕ ಗಂಟೆಯನ್ನೂ ಬರೆಯಿರಿ. ಎಷ್ಟು ಗಂಟೆಯವರೆಗೆ ಕಾಯುವುದು, ಆಮೇಲೆ ಯಾರು ‘ಸಾಕು, ನಡೆಯಿರಿ’ ಎನ್ನುವುದು.

ಇದನ್ನು ನಾನು ಕಲಿತದ್ದು ಮಲ್ಪೆಯಲ್ಲಿ. ಒಂದು ಪ್ರೀ-ವೆಡ್ಡಿಂಗ್ ಶೂಟ್. ಸಂಜೆ ಜೋರು ಗಾಳಿ. ಹುಡುಗಿಯ ಸೆರಗು, ಕೂದಲು ಎರಡೂ ಹುಡುಗನ ಮುಖದ ಮೇಲೆ. ‘ಇನ್ನು ಐದು ನಿಮಿಷ ನೋಡುವ, ಗಾಳಿ ನಿಲ್ಲುತ್ತದೆ’ ಎಂದು ನಾನು ಹೇಳಿದೆ. ಆಮೇಲೆ ನನ್ನ ಅಸಿಸ್ಟೆಂಟ್ ಹೇಳಿದ. ಆಮೇಲೆ ಮದುಮಗನೇ ಹೇಳಿದ. ಸೂರ್ಯ ನಮ್ಮ ಮಾತಿಗೆ ಕಾಯಲಿಲ್ಲ. ಹಿಂದೆಯೇ ತೆಂಗಿನ ತೋಟ ಇತ್ತು. ಅಲ್ಲಿಗೆ ಹೋಗಿದ್ದರೆ ಅರ್ಧ ಗಂಟೆ ಒಳ್ಳೆ ಬೆಳಕು ಸಿಗುತ್ತಿತ್ತು. ಈಗ ಪ್ರತಿ ಶೂಟಿಗೆ ಮೊದಲು ಬರೆದಿಡುತ್ತೇನೆ: ‘5:15ಕ್ಕೂ ಗಾಳಿ ಹೀಗೇ ಇದ್ದರೆ ತೋಟಕ್ಕೆ. ಹೇಳುವವನು ಅಸಿಸ್ಟೆಂಟ್.’ ನಾನು ಹೇಳುವುದಿಲ್ಲ. ಕ್ಯಾಮರಾ ಹಿಡಿದವನಿಗೆ ಯಾವಾಗಲೂ ಇನ್ನೊಂದು ಟೇಕ್ ಬೇಕು ಅನಿಸುತ್ತದೆ.

ಬೆಳಕಿನ ವಿಷಯ. ನಮ್ಮ ಕಡಲು ಇರುವುದು ಪಶ್ಚಿಮಕ್ಕೆ. ಸಂಜೆ ಕಡಲನ್ನು ಹಿಂದೆ ಇಟ್ಟು ತೆಗೆದರೆ ಸೂರ್ಯ ಹಾಡುವವನ ಬೆನ್ನಿಗೆ, ಮುಖ ಕಪ್ಪು. ಬಿಳಿ ಥರ್ಮೋಕೋಲ್ ಶೀಟ್ ಹಿಡಿದು ಮುಖಕ್ಕೆ ಬೆಳಕು ತಿರುಗಿಸಬಹುದು. ಆದರೆ ಗಾಳಿಗೆ ಅದು ಗಾಳಿಪಟ, ಹಿಡಿಯಲು ಇಬ್ಬರು ಬೇಕು. ಬೆಳಿಗ್ಗೆ ಏಳೂವರೆಯಿಂದ ಒಂಬತ್ತೂವರೆ ಸರಿ ಉಲ್ಟಾ. ಬೆಳಕು ಊರಿನ ಕಡೆಯಿಂದ ನೇರ ಮುಖಕ್ಕೆ ಬೀಳುತ್ತದೆ. ಗಾಳಿ ಕಡಿಮೆ, ಜನವೂ ಕಡಿಮೆ. ಹಾಡುವ ಬಾಯಿ ಕಾಣಬೇಕಾದ ಶಾಟ್ ಬೆಳಿಗ್ಗೆ ಮುಗಿಸಿ. ಸಂಜೆಗೆ ನೆರಳಿನ ಹಾಗೆ ಕಾಣುವ ಶಾಟ್ ಮಾತ್ರ ಇಡಿ. ಫೆಬ್ರವರಿ ಮಧ್ಯದಲ್ಲಿ ಮಂಗಳೂರಲ್ಲಿ ಸೂರ್ಯ ಮುಳುಗುವುದು 6:35ರ ಆಸುಪಾಸು. ಆಮೇಲೆ ಒಂದು 20 ನಿಮಿಷ ಆಕಾಶದಲ್ಲಿ ಬಣ್ಣ ಇರುತ್ತದೆ. ಅಷ್ಟೇ.

ಉಪ್ಪುನೀರು

ಮಲ್ಪೆಯವ ನಾನು. ಮನೆಯಲ್ಲಿ ಎಲ್ಲ ಬೋಟಿನವರು. ಕಾಲೇಜಿನವರು ಬೀಚಿಗೆ ಬಂದು ಬೆಳಕು ನೋಡುತ್ತಾರೆ, ಗಾಳಿ ನೋಡುತ್ತಾರೆ, ನೀರು ನೋಡುವುದಿಲ್ಲ.

ಕಡಲು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಇವತ್ತಿಗಿಂತ ನಾಳೆ ಸುಮಾರು 50 ನಿಮಿಷ ತಡ. ನಿಮ್ಮದು ಎರಡು ಶನಿವಾರ ಅಲ್ವಾ? ಏಳು ದಿನಕ್ಕೆ ಹೆಚ್ಚುಕಡಿಮೆ ಆರು ಗಂಟೆ ಹಿಂದೆ ಬೀಳುತ್ತದೆ. ಮೊದಲನೇ ಶನಿವಾರ ಸಂಜೆ 5ಕ್ಕೆ ನೀರು ಪೂರ್ತಿ ಇಳಿದಿದ್ದರೆ ಮುಂದಿನ ಶನಿವಾರ ಅದೇ ಹೊತ್ತಿಗೆ ಏರಿ ನಿಂತಿರುತ್ತದೆ. ಅಗಲವಾಗಿದ್ದ ಮರಳು ಪಟ್ಟಿ ಕಾಣೆ. ಒಂದೇ ಸಂಜೆ ಎಂದು ತೋರಿಸಲು ಹೋದರೆ ಮಗು ಕೂಡ ಹಿಡಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಏರಿಳಿತ ಇನ್ನೂ ಜಾಸ್ತಿ. ಏರಿಳಿತದ ಪಟ್ಟಿ ಫೋನಲ್ಲೇ ಸಿಗುತ್ತದೆ, ಇಲ್ಲದಿದ್ದರೆ ದಡದಲ್ಲಿ ಬಲೆ ಕಟ್ಟುವವರ ಹತ್ತಿರ ಕೇಳಿ.

ಒಮ್ಮೆ ಹುಡುಗರ ಬ್ಯಾಂಡ್ ಒಂದು ಮರಳಿನ ಮೇಲೆ ಕೀಬೋರ್ಡ್ ಸ್ಟ್ಯಾಂಡ್ ಹಾಕಿ ಹಾಡುತ್ತಿತ್ತು. ನಾನು ದೂರದಿಂದ ಬೊಬ್ಬೆ ಹೊಡೆದೆ. ಅವರ ಸ್ಪೀಕರ್ ಸೌಂಡಿಗೆ ಕೇಳಲಿಲ್ಲ. ಒಂದು ತೆರೆ ಬಂತು, ಕೀಬೋರ್ಡ್ ಮುಗಿಯಿತು. ಬಾಡಿಗೆಯದ್ದಂತೆ ಪಾಪ.

ನೀರಿಗೆ ಇಳಿಯುವ ಶಾಟ್ ಇದ್ದರೆ ಮೊಣಕಾಲಿನವರೆಗೆ ಸಾಕು. ಒಬ್ಬ ಬೇರೆ ಯಾವ ಕೆಲಸವನ್ನೂ ಮಾಡದೆ ಸುಮ್ನೆ ಕಡಲನ್ನೇ ನೋಡುತ್ತಾ ನಿಲ್ಲಬೇಕು. ಕ್ಯಾಮರಾದವನ ಬೆನ್ನು ಯಾವಾಗಲೂ ತಪ್ಪು ಕಡೆಗೆ ಇರುತ್ತದೆ. ಜೀವರಕ್ಷಕರು ‘ಬೇಡ’ ಎಂದರೆ ವಾದ ಮಾಡಬೇಡಿ.

ದಕ್ಕೆಯಲ್ಲಿ ಬೆಳಗಿನ ಏಲಂ ಹೊತ್ತಿಗೆ ಟ್ರೈಪಾಡ್ ಹಿಡಿದು ಹೋಗಬೇಡಿ. ಅದು ಹೊಟ್ಟೆಪಾಡಿನ ಗಂಟೆ. ನೆಲ ಮಂಜುಗಡ್ಡೆ, ಮೀನಿನ ನೀರಿನಿಂದ ಜಾರುತ್ತದೆ. ಏಲಂ ಮುಗಿದ ಮೇಲೆ ಹೋಗಿ, ಯಾವುದಾದರೂ ಬೋಟಿನ ತಾಂಡೇಲರ (ಬೋಟು ನಡೆಸುವವರ) ಹತ್ತಿರ ಮರ್ಯಾದೆಯಿಂದ ಕೇಳಿ. ಮೀನು ಮಾರುವ ಅಕ್ಕಂದಿರ ಮುಖಕ್ಕೆ ಕೇಳದೆ ಕ್ಯಾಮರಾ ಹಿಡಿದರೆ ಬೈಗುಳ ಗ್ಯಾರಂಟಿ, ಅದೂ ಶುದ್ಧ ತುಳುವಿನಲ್ಲಿ.

ಸೆಕೆಂಡ್‌ಬೆಂಚ್_ಕುಡ್ಲ

ಉಪ್ಪುನೀರು ಅಣ್ಣ, ಎರಡು ಶನಿವಾರದ ಲೆಕ್ಕ ನಮಗೆ ಹೊಳೆದೇ ಇರಲಿಲ್ಲ! ನಾವು ಬೀಚನ್ನು ಎರಡೂ ದಿನಕ್ಕೆ ಹಂಚಿದ್ದೆವು. ಈಗ ಬೀಚ್ ಪೂರ್ತಿ ಮೊದಲನೇ ದಿನಕ್ಕೆ.

ಅಂದ ಹಾಗೆ ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ದಾಟುವುದಾ, ಕೂಳೂರು ಸುತ್ತಿ ರಸ್ತೆಯಲ್ಲಿ ಹೋಗುವುದಾ?

ಉಪ್ಪುನೀರು

ಹೋಗುವಾಗ ದೋಣಿ ಚಂದ. ಬರುವಾಗ ಸಾಮಾನು ಹೊತ್ತ ಏಳು ಜನ, ಕತ್ತಲೆ. ಕೊನೆಯ ದೋಣಿ ಎಷ್ಟಕ್ಕೆ ಎಂದು ಹೋಗುವಾಗಲೇ ಕೇಳಿಡಿ. ಇಲ್ಲದಿದ್ದರೆ ಒಂದು ಗಾಡಿ ರಸ್ತೆ ಕಡೆಯಿಂದ ಬರಲಿ.

ಎಡಿಟ್‌ಟೇಬಲ್

ಹ್ವಾಯ್, ಕುಂದಾಪುರದವ ನಾನು, ಈಗ ಬೆಂಗಳೂರಲ್ಲಿ ಎಡಿಟಿಂಗ್. ಸ್ವಲ್ಪ ಉದ್ದ ಬರೆಯುತ್ತೇನೆ. ಮ್ಯೂಸಿಕ್ ವಿಡಿಯೋ ಕೆಡುವುದು ಬೀಚಲ್ಲಿ, ಗೊತ್ತಾಗುವುದು ನಮ್ಮ ಟೇಬಲ್ ಮೇಲೆ.

ಮೊದಲು ಪ್ಲೇಬ್ಯಾಕ್, ಅಂದರೆ ಶೂಟಿಂಗ್ ಹೊತ್ತಿಗೆ ಸ್ಪೀಕರಿನಲ್ಲಿ ಹಾಕುವ ಹಾಡು. ಹಾಡನ್ನು ಇಂಟರ್ನೆಟ್‌ನಿಂದ ಹಾಕಬೇಡಿ. ಒಬ್ಬರ ಶೂಟಿಂಗ್‌ನಲ್ಲಿ ಹುಡುಗಿ ಕಣ್ಣಲ್ಲಿ ನೀರು ತಂದುಕೊಂಡು ಪಲ್ಲವಿ ಹಾಡುತ್ತಿದ್ದಾಗ ಸ್ಪೀಕರಿನಿಂದ ಹಲ್ಲುಜ್ಜುವ ಪೇಸ್ಟಿನ ಜಾಹೀರಾತು ಬಂತು. ಆ ಫುಟೇಜ್ ನನ್ನ ಹತ್ತಿರ ಇನ್ನೂ ಉಂಟು. ಫೈಲನ್ನು ಎರಡು ಫೋನಲ್ಲಿ ಇಟ್ಟುಕೊಳ್ಳಿ, ಎರಡನ್ನೂ ಏರೋಪ್ಲೇನ್ ಮೋಡಿಗೆ ಹಾಕಿ. ಇಲ್ಲದಿದ್ದರೆ ಅಮ್ಮನ ಫೋನ್ ಚರಣದ ನಡುವೆಯೇ ಬರುತ್ತದೆ. ಹಾಡಿನ ಮುಂದೆ ನಾಲ್ಕು ಬೀಪ್ ಸೇರಿಸಿ. ಹಾಡುವವನಿಗೆ ಎಲ್ಲಿ ಶುರು ಎಂದು ತಿಳಿಯುತ್ತದೆ, ನಮಗೆ ಹೊಂದಿಸಲೂ ಸುಲಭ.

ಸ್ಪೀಕರ್ ಎಲ್ಲಿಡುತ್ತೀರಿ ಎನ್ನುವುದೂ ಮುಖ್ಯ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಸೆಕೆಂಡಿಗೆ 25 ಫ್ರೇಮ್ (ಚಿತ್ರ) ತೆಗೆಯುವಾಗ ಒಂದು ಫ್ರೇಮಿನ ಹೊತ್ತಿಗೆ ಅದು ದಾಟುವುದು 14 ಮೀಟರಿನ ಹತ್ತಿರ. ನೀವು 40 ಮೀಟರ್ ದೂರದಿಂದ ಝೂಮ್ ಹಾಕಿದರೆ ಕ್ಯಾಮರಾದ ಮೈಕ್‌ಗೆ ಹಾಡು ಮೂರು ಫ್ರೇಮ್ ತಡವಾಗಿ ಮುಟ್ಟುತ್ತದೆ. ಆ ಶಬ್ದ ನಂಬಿ ಹೊಂದಿಸಿದರೆ ತುಟಿ ತಪ್ಪುತ್ತದೆ. ಎಡಿಟಿಂಗ್‌ನಲ್ಲಿ ಮೂರು ಫ್ರೇಮ್ ಸರಿಸಿದರೆ ಮುಗಿಯಿತು, ಆದರೆ ಯಾವ ಶಾಟ್ ಎಷ್ಟು ದೂರದ್ದು ಎಂದು ಯಾರಾದರೂ ಬರೆದಿಡಬೇಕು.

ಸ್ಲೋ ಮೋಷನ್‌ನಲ್ಲಿ ಹಾಡಬೇಕು ಎಂದಿದ್ದರೆ 50 ಫ್ರೇಮಿಗೆ ತೆಗೆಯಿರಿ. ಸ್ಪೀಕರಿನಲ್ಲಿ ಹಾಡನ್ನು ಎರಡು ಪಟ್ಟು ವೇಗವಾಗಿ ಹಾಕಿ, ಹುಡುಗ ಅದೇ ವೇಗಕ್ಕೆ ಬಾಯಿ ಆಡಿಸಬೇಕು. ಆಮೇಲೆ 25ಕ್ಕೆ ಇಳಿಸಿದರೆ ತುಟಿ ಸರಿಯಾಗಿ ಕೂರುತ್ತದೆ, ಕೂದಲು, ಬಟ್ಟೆ ಮಾತ್ರ ನಿಧಾನ. ವೇಗದ ಫೈಲ್ ಮನೆಯಲ್ಲೇ ಮಾಡಿಕೊಂಡು ಹೋಗಿ. ಮನೆಯಲ್ಲಿ ಕನ್ನಡಿ ಮುಂದೆ ಹತ್ತು ಸಲ ಹಾಡಿ ನೋಡಲಿ. ತುಳು ಸಾಲುಗಳು ಎರಡು ಪಟ್ಟು ವೇಗದಲ್ಲಿ ಭಾರಿ ಕಷ್ಟ, ನಗು ಬೇರೆ ಬರುತ್ತದೆ.

ಫೋನಿನ ಫ್ರೇಮ್ ಲೆಕ್ಕ ನಡುವೆ ಹೆಚ್ಚುಕಡಿಮೆ ಆಗುತ್ತಾ ಇರುತ್ತದೆ. ಪಲ್ಲವಿಯಲ್ಲಿ ಸರಿ ಇದ್ದದ್ದು ಕೊನೆಯ ಚರಣಕ್ಕೆ ಜಾರಿರುತ್ತದೆ. ಫ್ರೇಮ್ ರೇಟನ್ನು ಕೈಯಾರೆ ಹಿಡಿದಿಡುವ ಕ್ಯಾಮರಾ ಆ್ಯಪ್ ಹಾಕಿ, ಮೂರು ಯಂತ್ರಕ್ಕೂ ಒಂದೇ ಸೆಟ್ಟಿಂಗ್ ಕೊಡಿ.

ಕೊನೆಯದಾಗಿ, ಮೊದಲನೇ ದಿನ ಎಲ್ಲರದ್ದೂ ಬಟ್ಟೆ, ಕೂದಲು, ಬಳೆ, ವಾಚು ಫೋಟೋ ತೆಗೆದಿಡಿ. ಒಂದು ವಾರ ಬಿಟ್ಟರೆ ಯಾರಿಗೂ ನೆನಪಿರುವುದಿಲ್ಲ.

ಮದುವೆವಿಡಿಯೋ_ಅಣ್ಣ

25 ಫ್ರೇಮೇ ಆಗಬೇಕು ಎಂದೇನಿಲ್ಲ ಮಾರಾಯ್ರೆ. ನಾವು 30ಕ್ಕೇ ತೆಗೆಯುವುದು.

ಎಡಿಟ್‌ಟೇಬಲ್

ಎಲ್ಲ ಒಂದೇ ಇದ್ದರೆ 30 ಕೂಡ ನಡೆಯುತ್ತದೆ. ಆದರೆ ನಮ್ಮ ಕರೆಂಟ್ 50 ಹರ್ಟ್ಸ್. ಮನೆಯೊಳಗೆ ಟ್ಯೂಬ್‌ಲೈಟ್ ಕೆಳಗೆ ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬಿಡುವ ಹೊತ್ತು) 1/60 ಸೆಕೆಂಡ್ ಇಟ್ಟರೆ ಚಿತ್ರ ಮಿಣುಕುತ್ತದೆ. 1/50 ಅಥವಾ 1/100ಕ್ಕೆ ತಂದರೆ ನಿಲ್ಲುತ್ತದೆ. ಹೊಸಬರಿಗೆ ಇದು ಮರೆಯುತ್ತದೆ ಎಂದು 25 ಅಂದೆ.

ಟೇಕ್_ಹದಿನೇಳು

ನಾನು ಹೋದ ವರ್ಷ ಇದೇ ಪ್ರಾಜೆಕ್ಟ್ ಮಾಡಿದವ. ಬೇರೆ ಕಾಲೇಜು. ನಮ್ಮದು ಕೆಟ್ಟದ್ದು ಶೂಟಿಂಗ್ ಮುಗಿದ ಮೇಲೆ. ರಾತ್ರಿ 11ಕ್ಕೆ ಮನೆಗೆ ಬಂದು ಕಾರ್ಡಿನಿಂದ ಲ್ಯಾಪ್‌ಟಾಪಿಗೆ ಕಟ್-ಪೇಸ್ಟ್ ಕೊಟ್ಟು ಮಲಗಿದೆ. ಕಾಪಿ ಅಲ್ಲ, ಕಟ್. ನಡುವೆ ಎಲ್ಲೋ ಲ್ಯಾಪ್‌ಟಾಪ್ ಹ್ಯಾಂಗ್ ಆಗಿದೆ. ಬೆಳಿಗ್ಗೆ ಫೋಲ್ಡರ್‌ನಲ್ಲಿ ಫೈಲ್ ಹೆಸರು ಎಲ್ಲ ಕಂಡಿತು, ಕಾರ್ಡ್ ಫಾರ್ಮ್ಯಾಟ್ ಮಾಡಿ ಎರಡನೇ ದಿನಕ್ಕೆ ತೆಗೆದುಕೊಂಡು ಹೋದೆ. ಸಂಜೆ ತೆರೆದು ನೋಡಿದರೆ ಒಂಬತ್ತು ಕ್ಲಿಪ್ ಖಾಲಿ. ಪಲ್ಲವಿಯ ಅರ್ಧ ಅದರಲ್ಲೇ ಇತ್ತು. ಡ್ಯಾನ್ಸ್ ಮಾಡಿದ ಹುಡುಗಿ ನನ್ನ ಹತ್ತಿರ ಮಾತು ಬಿಟ್ಟದ್ದು ಮೂರು ತಿಂಗಳು.

ನಮ್ಮನ್ನು ಉಳಿಸಿದ್ದು ರಿಹರ್ಸಲ್. ಯಾರೋ ಟೆರೇಸಿನಲ್ಲಿ ಅಭ್ಯಾಸ ಮಾಡಿದ್ದನ್ನು ಫೋನಲ್ಲಿ ಹಿಡಿದಿದ್ದರು. ಅದನ್ನೇ ಕಪ್ಪು-ಬಿಳುಪು ಮಾಡಿ ಹಾಕಿದೆವು. ಹಾಗಾಗಿ ರಿಹರ್ಸಲನ್ನೂ ತೆಗೆಯಿರಿ.

ಲೆಕ್ಕಕ್ಕೆ: ಕ್ಯಾಮರಾದಲ್ಲಿ 4ಕೆ, 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಇಟ್ಟರೆ ಗಂಟೆಗೆ ಸುಮಾರು 45 ಜಿಬಿ ತಿನ್ನುತ್ತದೆ. 64 ಜಿಬಿ ಕಾರ್ಡ್ ಒಂದೂಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ತುಂಬಿದ ಕಾರ್ಡ್ ಒಬ್ಬರ ಕೈಗೆ ಮಾತ್ರ ಹೋಗಬೇಕು. ನಾವು ಈಗ ಸುಪಾರಿ ಡಬ್ಬ ಇಟ್ಟಿದ್ದೇವೆ. ಡಬ್ಬಕ್ಕೆ ಹೋದ ಕಾರ್ಡ್ ಎರಡು ಕಡೆ ಕಾಪಿಯಾಗಿ, ಎರಡನ್ನೂ ಪ್ಲೇ ಮಾಡಿ ನೋಡುವವರೆಗೆ ಹೊರಗೆ ಬರುವುದಿಲ್ಲ.

ಇನ್ನೊಂದು, ಮಧ್ಯಾಹ್ನದ ಬಿಸಿಲಲ್ಲಿ ಫೋನ್ ಬಿಸಿಯಾಗಿ ತಾನಾಗಿ ಬಂದ್ ಆಗುತ್ತದೆ. ಐಸ್ ಬಾಕ್ಸಿಗೆ ಹಾಕಬೇಡಿ, ಒಳಗೆ ನೀರು ಕೂರುತ್ತದೆ. ನಾನು ಹಾಕಿದ್ದೇನೆ. ಹೇಗೆ ಗೊತ್ತು ಎಂದು ಕೇಳಬೇಡಿ.

ಗೋಳಿಬಜೆ_ಫ್ಯಾನ್

ಇವನ ಹತ್ತಿರ ಯಾರೂ ಸಾಮಾನು ಕೊಡಬೇಡಿ.

ಪಡುಬಿದ್ರಿ_ಪಾದಚಾರಿ

ಎಲ್ಲರೂ ಕಾರ್ಡ್, ಬ್ಯಾಟರಿ ಮಾತಾಡುತ್ತಿದ್ದೀರಿ. ಕೋಲದ ಶಾಟ್ ಬಗ್ಗೆ ಯಾರೂ ಯಾಕೆ ಹೇಳಲಿಲ್ಲ? ಅದನ್ನು ಬಿಟ್ಟುಬಿಡಿ. ದೈವದ ವೇಷವನ್ನು ಸ್ಟೇಜಿಗೆ, ರೀಲ್ಸಿಗೆ ತಂದದ್ದಕ್ಕೆ ನಮ್ಮ ಕಡೆ ಎಷ್ಟು ಸಲ ದೂರು, ಗಲಾಟೆ ಆಗಿದೆ ನಿಮಗೂ ಗೊತ್ತು.

ಸೆಕೆಂಡ್‌ಬೆಂಚ್_ಕುಡ್ಲ

ಹಾಡು ಊರಿನ ಬಗ್ಗೆಯೇ ಅಲ್ವಾ ಅಣ್ಣ. ಅವಮಾನ ಮಾಡುವ ಉದ್ದೇಶ ಖಂಡಿತ ಇಲ್ಲ. ಎರಡೇ ಶಾಟ್.

ಪಡುಬಿದ್ರಿ_ಪಾದಚಾರಿ

ಉದ್ದೇಶ ಇಲ್ಲ ಎಂದು ನನಗೂ ಗೊತ್ತು. ಆದರೆ ಕಟ್ಟುವವರಿಗೆ ಅದು ಕಾಸ್ಟ್ಯೂಮ್ ಅಲ್ಲ. ವ್ರತ ಹಿಡಿದು, ಪಾಡ್ದನ (ದೈವದ ಕಥೆಯ ಹಾಡು) ಹೇಳಿ, ಮನೆತನದ ಹಕ್ಕಿನಿಂದ ಕಟ್ಟುವುದು. ನಿಮ್ಮ ಗೆಳೆಯ ಬಾಡಿಗೆಗೆ ತಂದು ಹಾಕಿ ಬೀಟಿಗೆ ಹೆಜ್ಜೆ ಹಾಕಿದರೆ ನೋಡುವವರಿಗೆ ಎಂತ ಅನಿಸಬೇಕು? ವಿಡಿಯೋ ಹಾಕಿದ ಮೇಲೆ ಗಲಾಟೆಯಾದರೆ ಪ್ಲಾನ್ ಬಿ ಎಂದರೆ ಡಿಲೀಟ್. ಆರು ವಾರದ ಕೆಲಸ ಹೋಗುತ್ತದೆ.

ತಾಸೆ_ಬಡಿಯುವವ

ಅವರು ಹೇಳಿದ್ದು ಸರಿ. ಹಾಗಾದರೆ ಹುಲಿವೇಷ ಮಾಡುವ ಎಂದು ಈಗ ಯಾರೋ ಹೇಳುತ್ತೀರಿ. ಅದಕ್ಕೇ ಮೊದಲೇ ಬರೆಯುತ್ತಿದ್ದೇನೆ. ನಾನು ಹುಲಿ ತಂಡಕ್ಕೆ ತಾಸೆ (ಚರ್ಮವಾದ್ಯ) ಬಡಿಯುವವ. ಅಷ್ಟಮಿ, ನವರಾತ್ರಿ ಬಿಟ್ಟು ಬಣ್ಣ ಹಾಕಲು ನಮ್ಮಲ್ಲಿ ಹೆಚ್ಚಿನವರು ಒಪ್ಪುವುದಿಲ್ಲ. ಹರಕೆ, ಊದು ಪೂಜೆ ಎಲ್ಲ ಉಂಟು ಅದಕ್ಕೂ. ಒಪ್ಪಿದರೂ ಮೈಗೆ ಪೂರ್ತಿ ಬಣ್ಣ, ಪಟ್ಟೆ ಬರೆಯಲು ಗಂಟೆಗಟ್ಟಲೆ ನಿಲ್ಲಬೇಕು. ಬೆವರಿಗೆ ತುರಿಕೆ. ಒಮ್ಮೆ ಹಾಕಿದರೆ ಆ ದಿನವೇ ಮುಗಿಸಬೇಕು, ಮುಂದಿನ ಶನಿವಾರ ಅದೇ ಪಟ್ಟೆ ಅದೇ ಜಾಗಕ್ಕೆ ಬರುವುದಿಲ್ಲ.

ಬರೀ ತಾಸೆ, ಡೋಲು ಸಾಕು ತಂಗಿ. ಬಣ್ಣ ಬೇಡ. ನಾವು ಮೂರು ಜನ ಬರುತ್ತೇವೆ, ಲುಂಗಿ ಬನಿಯನ್‌ನಲ್ಲಿ, ಅಜ್ಜಿ ಮನೆ ಅಂಗಳಕ್ಕೆ. ತಾಸೆಗೆ ಪೆಟ್ಟು ಬಿದ್ದರೆ ಕುಡ್ಲದವರಿಗೆ (ಮಂಗಳೂರಿನವರಿಗೆ) ಬೇರೆ ಏನೂ ತೋರಿಸುವುದೇ ಬೇಡ. ಊಟ ಹಾಕಿ, ಬಸ್ ಖರ್ಚು ಕೊಡಿ.

ಸೆಕೆಂಡ್‌ಬೆಂಚ್_ಕುಡ್ಲ

ಅಣ್ಣಾ!! ನಿಜವಾಗಲೂ? ಗುಂಪಿನಲ್ಲಿ ಹೇಳಿದೆ, ಎಲ್ಲರೂ ಕುಣಿಯುತ್ತಿದ್ದಾರೆ. ಕೋಲದ ಶಾಟ್ ತೆಗೆದೆವು.

ಹಂಚಿನಮನೆ

ಅಜ್ಜಿ ಮನೆ ಎಂದಿರಿ. ನಮ್ಮ ಮನೆಯೂ ಹಾಗೆಯೇ, ಬಂಟ್ವಾಳ ಕಡೆ, ವರ್ಷಕ್ಕೆ ಎರಡು ಮೂರು ಕಾಲೇಜಿನ ಗುಂಪು ಕೇಳಿಕೊಂಡು ಬರುತ್ತದೆ. ಅಜ್ಜಿ ‘ಆಯಿತು ಮಗಾ ಬನ್ನಿ’ ಎನ್ನುತ್ತಾರೆ. ಆದರೆ ಮನೆ ಅಜ್ಜಿಯೊಬ್ಬರದೇ ಇರುವುದಿಲ್ಲ. ಮುಂಬೈಯಲ್ಲಿರುವ ಮಾವನಿಗೆ ವಿಡಿಯೋ ಬಂದ ಮೇಲೆ ಗೊತ್ತಾಗಿ ಸಿಟ್ಟು ಬಂದರೆ? ಮೊದಲೇ ಒಂದು ಫೋನ್ ಮಾಡಿಸಿ.

ಮತ್ತೆ ಕುಟುಂಬದಲ್ಲಿ ಯಾರಾದರೂ ತೀರಿಕೊಂಡರೆ ಸೂತಕ. ಮನೆಯಲ್ಲಿ ಹಾಡು, ಕುಣಿತ ಆಗುವುದಿಲ್ಲ. ನಮ್ಮಲ್ಲಿ ಹೀಗೆ ಒಂದು ಗುಂಪು ಹಿಂದಿನ ದಿನ ವಾಪಸ್ ಹೋಗಿದೆ. ನಾವೇನು ಮಾಡುವುದು, ಅವರೇನು ಮಾಡುವುದು. ಇನ್ನೊಂದು ಅಂಗಳವನ್ನು ಮೊದಲೇ ನೋಡಿಡಿ. ಅಷ್ಟು ಚಂದ ಇರದಿದ್ದರೂ ಆಗುತ್ತದೆ.

ಫೆಬ್ರವರಿ ಅಂದರೆ ನೇಮ, ಜಾತ್ರೆ, ಕಂಬಳ, ಯಕ್ಷಗಾನ ಮೇಳದ ಆಟ ಎಲ್ಲ ಒಟ್ಟಿಗೆ. ಆ ಶನಿವಾರ ಊರಲ್ಲಿ ಏನುಂಟು ಎಂದು ಅಜ್ಜಿಯನ್ನೇ ಕೇಳಿ. ಪಕ್ಕದ ಗದ್ದೆಯಲ್ಲಿ ಮೈಕ್ ಕಟ್ಟಿದ್ದರೆ ನಿಮ್ಮ ಪ್ಲೇಬ್ಯಾಕ್ ನಿಮಗೇ ಕೇಳಿಸುವುದಿಲ್ಲ.

ಪಾಠದಮನೆ

ನಾನು ಇಂಥದ್ದೇ ಕೋರ್ಸಿಗೆ ಪಾಠ ಮಾಡುವವಳು. (ಸೆಕೆಂಡ್‌ಬೆಂಚ್, ನಿಮ್ಮ ಲೆಕ್ಚರರ್ ನಾನಲ್ಲ, ಗಾಬರಿ ಬೇಡ.) ಪ್ರತಿ ವರ್ಷ ಹತ್ತಾರು ಪ್ಲಾನ್ ಓದುತ್ತೇನೆ. ಎಲ್ಲದರಲ್ಲೂ ಲೆನ್ಸ್ ಬಗ್ಗೆ ಒಂದು ಪುಟ. ಹುಡುಗಿಯರು ಬಟ್ಟೆ ಬದಲಿಸುವುದು ಎಲ್ಲಿ ಎಂದು ಒಂದು ಸಾಲೂ ಇರುವುದಿಲ್ಲ. ಬೀಚಿನಲ್ಲಿ ಶೌಚಾಲಯ ತೆರೆದಿರುತ್ತದಾ? ಯಾರಾದರೂ ಹೋಗಿ ನೋಡಿದ್ದೀರಾ?

ಸೂರ್ಯ ಮುಳುಗುವುದು 6:35. ಹಾಸ್ಟೆಲ್ ಗೇಟ್ ಎಷ್ಟಕ್ಕೆ ಮುಚ್ಚುತ್ತದೆ? ಹಳ್ಳಿಯಿಂದ ಬರುವವಳ ಕೊನೆಯ ಬಸ್ ಎಷ್ಟಕ್ಕೆ? ನನ್ನ ವಿದ್ಯಾರ್ಥಿನಿ ಒಬ್ಬಳು ಸಂಜೆಯ ಮುಖ್ಯ ಶಾಟಿನ ನಡುವೆ ಅತ್ತಳು. ಎಲ್ಲರೂ ನಟನೆ ಎಂದುಕೊಂಡರು. ಬಸ್ ತಪ್ಪಿತ್ತು, ಮನೆಯಿಂದ ಫೋನ್ ಮೇಲೆ ಫೋನ್. ಮುಂದಿನ ದಿನ ಅಪ್ಪ ಕಳಿಸಲಿಲ್ಲ. ಹೊಸ ಹುಡುಗಿ ಹುಡುಕಿ ಎಲ್ಲ ಮೊದಲಿನಿಂದ. ಗುಂಪಿನಲ್ಲಿ ಒಬ್ಬರು ಹೋಗಿ ಮನೆಯವರ ಹತ್ತಿರ ಮೊದಲೇ ಮಾತಾಡಿದ್ದರೆ ಮುಗಿಯುತ್ತಿತ್ತು.

ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಮಾಡಿಸಿ, ಹತ್ತಿರದ ಪೊಲೀಸ್ ಠಾಣೆಗೆ ಒಂದು ಪ್ರತಿ ಕೊಡಿ, ಸಹಿ ಹಾಕಿಸಿದ ಪ್ರತಿ ಜೇಬಲ್ಲಿರಲಿ. ಸಿಬ್ಬಂದಿ ಬಂದು ಕೇಳಿದಾಗ ಏಳು ಜನ ಒಟ್ಟಿಗೆ ಮಾತಾಡಬೇಡಿ. ಒಬ್ಬರೇ ಮಾತಾಡಿ, ಆ ಒಬ್ಬರು ಯಾರು ಎಂದು ಕೂಡ ಬರೆದಿಡಿ. ಪೆಟ್ಟಾದರೆ 108, ಬೇರೆ ತುರ್ತಿಗೆ 112.

ಟೇಕ್_ಹದಿನೇಳು

ಡ್ರೋನ್ ಬಗ್ಗೆ ಯಾರೂ ಹೇಳಲಿಲ್ಲ?

ಮದುವೆವಿಡಿಯೋ_ಅಣ್ಣ

ಬೇಡವೇ ಬೇಡ ಅಂತೇನೆ. 2021ರ ಡ್ರೋನ್ ನಿಯಮದಲ್ಲಿ ಕೆಂಪು, ಹಳದಿ, ಹಸಿರು ಎಂದು ವಲಯ ಮಾಡಿದ್ದಾರೆ. ವಿಮಾನ ನಿಲ್ದಾಣದ ಗಡಿಯಿಂದ 12 ಕಿಲೋಮೀಟರ್‌ವರೆಗೆ ಲೆಕ್ಕವೇ ಬೇರೆ. ಬಜ್ಪೆಯ ವಿಮಾನ ನಿಲ್ದಾಣ ಎಷ್ಟು ಹತ್ತಿರ ನೋಡಿ. ಮೇಲಿಂದ ಪಣಂಬೂರಿನಲ್ಲಿ ದೊಡ್ಡ ಬಂದರು. 250 ಗ್ರಾಂಗಿಂತ ಹೆಚ್ಚು ತೂಕದ್ದಾದರೆ ನೋಂದಣಿ ನಂಬರ್ ಬೇಕು. ಸೀನಿಯರ್ ಹತ್ತಿರ ಅದುಂಟಾ ಕೇಳಿದ್ದೀರಾ? ಮೇಲಿನಿಂದ ಕಾಣಬೇಕಾದರೆ ಅಜ್ಜಿ ಮನೆಯ ಅಟ್ಟ ಹತ್ತಿ.

ಸೆಕೆಂಡ್‌ಬೆಂಚ್_ಕುಡ್ಲ

ಕೇಳಿದೆ. ನಂಬರ್ ಇಲ್ಲವಂತೆ. ಡ್ರೋನ್ ಕ್ಯಾನ್ಸಲ್.

ಹೊಸ ಪ್ಲಾನ್ ಕೊಟ್ಟು ಬಂದೆ. ಎರಡು ಪುಟ ಹೇಳಿದ್ದು, ನಾಲ್ಕಾಯಿತು. ಕೆಲವು ಸಾಲು ಹಾಕುತ್ತೇನೆ.

‘ಬೀಚ್: ಬೆಳಿಗ್ಗೆ 7:30ಕ್ಕೆ ಬಾಯಿ ಕಾಣುವ ಎಲ್ಲ ಶಾಟ್. ಸಂಜೆ 4:30ಕ್ಕೆ ಬೀಸುವ ಗಾಳಿಯಲ್ಲಿ ಥರ್ಮೋಕೋಲ್ ನಿಲ್ಲದಿದ್ದರೆ ನೆರಳು ಶಾಟ್ ಮಾತ್ರ. ನಿರ್ಧಾರ: ಹಾಸ್ಟೆಲ್ ಹುಡುಗಿ. (ಅವಳಿಗೇ ಬೇಗ ಹೋಗಬೇಕಾದ್ದು, ಹಾಗಾಗಿ ಎಳೆಯುವುದಿಲ್ಲ.)’

‘ಹಾಡು ಪೂರ್ತಿ ಒಂದು ಸಲ, ಕಟ್ ಇಲ್ಲದೆ, ದಿನದ ಮೊದಲ ಗಂಟೆಯಲ್ಲೇ. ಮುಂದೆ ಏನೇ ಹಾಳಾದರೂ ಇದೊಂದು ಕೈಯಲ್ಲಿ ಇರುತ್ತದೆ.’

‘ಅಜ್ಜಿ ಮನೆ ಆಗದಿದ್ದರೆ: ತಾಸೆ ಅಣ್ಣನ ಮನೆ ಅಂಗಳ. ಗುರುವಾರ ರಾತ್ರಿ 9ಕ್ಕೆ ಅಜ್ಜಿಗೆ ಫೋನ್. ಮಾಡುವವಳು: ಮೊಮ್ಮಗಳು.’

ಲೆಕ್ಚರರ್ ನಗಲಿಲ್ಲ. ಹಾಸ್ಟೆಲ್ ಹುಡುಗಿಯ ಸಾಲಿನ ಕೆಳಗೆ ಗೆರೆ ಎಳೆದು ‘ಗುಡ್’ ಎಂದು ಬರೆದರು.

ಸೆಕೆಂಡ್‌ಬೆಂಚ್_ಕುಡ್ಲ

ಮೊದಲನೇ ಶನಿವಾರದ ವರದಿ. ಬೆಳಿಗ್ಗೆ ಎಲ್ಲ ಸರಿಯಾಯಿತು. ಎಸಿ ಕಾರಿನಿಂದ ಕ್ಯಾಮರಾ ಇಳಿಸಿದ ಕೂಡಲೇ ಲೆನ್ಸ್ ಮಂಜಾಯಿತು. 15 ನಿಮಿಷ ಸುಮ್ನೆ ಕೂತೆವು. ಇದನ್ನು ನೀವು ಯಾರೂ ಹೇಳಿರಲಿಲ್ಲ ನೋಡಿ!

ಸಂಜೆ 4:30ಕ್ಕೆ ಥರ್ಮೋಕೋಲ್ ಎರಡು ತುಂಡಾಯಿತು. ಡೈರೆಕ್ಟರ್ ನಾನೇ. ‘ಇನ್ನೊಂದೇ ಸಲ ನೋಡುವ’ ಎಂದು ಬಾಯಿ ತೆರೆದೆ. ಹಾಸ್ಟೆಲ್ ಹುಡುಗಿ ಕಾಗದ ಮುಖಕ್ಕೆ ಹಿಡಿದಳು. ನೆರಳು ಶಾಟ್‌ಗೆ ಹೋದೆವು. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ಅವಳ ಮೇಲೆ ಸಿಟ್ಟು ಬಂತು. ರಾತ್ರಿ ಫುಟೇಜ್ ನೋಡಿದ ಮೇಲೆ ಹೋಯಿತು. 5:50ಕ್ಕೆ ಪ್ಯಾಕಪ್, ಕೊನೆಯ ದೋಣಿಗೆ ಇನ್ನೂ ಸಮಯ ಇತ್ತು. ಮುಳುಗುವ ಸೂರ್ಯ ಸಿಗಲಿಲ್ಲ. ಹಾಸ್ಟೆಲ್ ಗೇಟ್ ಸಿಕ್ಕಿತು.

ಕಾರ್ಡ್ ಸುಪಾರಿ ಡಬ್ಬದಲ್ಲಿ.

ಮದುವೆವಿಡಿಯೋ_ಅಣ್ಣ

ಸೂರ್ಯ ಮುಳುಗುವ ಶಾಟ್ ಬೇಕಾದರೆ ಒಂದು ದಿನ ನೀನೊಬ್ಬಳೇ ಅಪ್ಪನ ಜೊತೆ ಹೋಗಿ ಬರೀ ಸೂರ್ಯನನ್ನು ತೆಗೆ ಮಾರಾಯ್ತಿ. ಅದಕ್ಕೆ ಏಳು ಜನ ಬೇಡ.

ಸೆಕೆಂಡ್‌ಬೆಂಚ್_ಕುಡ್ಲ

ಎರಡನೇ ಶನಿವಾರ. ಅಜ್ಜಿ ಮನೆ ಓಕೆ. ತಾಸೆ ಅಣ್ಣ ಬಂದರು, ಮೂರು ಜನ ಅಂದದ್ದು ಐದು ಜನ. ಕರೆಂಟ್ ಇತ್ತು. ಬ್ಯಾಟರಿ ಇತ್ತು. ಎಲ್ಲರ ಹೆಸರಿನ ಮುಂದೆ ಟಿಕ್.

ಆಮೇಲೆ ಹಾಡುವ ಹುಡುಗ ಬೈಕಿನಿಂದ ಇಳಿದು ಹೆಲ್ಮೆಟ್ ತೆಗೆದ.

ಶುಕ್ರವಾರ ಅವನ ದೊಡ್ಡಪ್ಪನ ಮಗಳ ಮೆಹಂದಿ ಇತ್ತಂತೆ. ಕೂದಲು ಕಟ್ ಮಾಡಿಸಿದ್ದಾನೆ. ಗಡ್ಡ ಪೂರ್ತಿ ಬೋಳಿಸಿದ್ದಾನೆ. ಮೊದಲ ಶನಿವಾರ ಬೀಚಲ್ಲಿ ಕೂದಲು ಭುಜಕ್ಕೆ ಮುಟ್ಟುತ್ತಿತ್ತು! ಫೋಟೋ ತೆಗೆದಿಟ್ಟಿದ್ದೆವು, ಎಡಿಟ್‌ಟೇಬಲ್ ಅಣ್ಣ ಹೇಳಿದ ಹಾಗೆ. ಏನು ಪ್ರಯೋಜನ? ಎಷ್ಟು ಕೂದಲು ಹೋಯಿತು ಎಂದು ಅಳೆಯಲು ಆಯಿತು. ‘ನನಗೆ ಯಾರೂ ಹೇಳಲಿಲ್ಲ’ ಎನ್ನುತ್ತಾನೆ.

ಎಡಿಟ್‌ಟೇಬಲ್

ಅಯ್ಯೋ ದೇವರೇ.

ಗೋಳಿಬಜೆ_ಫ್ಯಾನ್

ನಾಲ್ಕು ಪುಟದ ಪ್ಲಾನ್. ಸಲೂನ್ ಬಗ್ಗೆ ಒಂದು ಸಾಲಿಲ್ಲ.

ತಾಸೆ_ಬಡಿಯುವವ

ನಾನು ಅಲ್ಲೇ ಇದ್ದೆ. ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಅಜ್ಜಿ ಒಳಗಿನಿಂದ ಬಂದು ‘ಬಿಸಿಲಿಗೆ ತಲೆಗೆ ಎಂತಾದರೂ ಇಟ್ಟುಕೊಳ್ಳಿ ಮಕ್ಕಳೇ’ ಎಂದು ಅಜ್ಜನ ಮುಟ್ಟಾಳೆ (ಅಡಿಕೆ ಹಾಳೆಯ ಟೊಪ್ಪಿ) ತಂದು ಕೊಟ್ಟರು. ಹುಡುಗ ಅದನ್ನು ಹಣೆಯವರೆಗೆ ಎಳೆದು ಹಾಕಿದ. ಹೆಗಲಿಗೆ ಬೈರಾಸು (ಟವೆಲ್). ಗಡ್ಡ ಇಲ್ಲದ್ದು ಕಾಣಬಾರದೆಂದು ಎಲ್ಲ ಶಾಟ್ ಹಿಂದಿನಿಂದ, ಬದಿಯಿಂದ, ಅಟ್ಟದ ಮೇಲಿನಿಂದ. ಹಾಡುವ ಮುಖ ಮೊದಲ ದಿನವೇ ಪೂರ್ತಿ ಸಿಕ್ಕಿದ್ದು ದೊಡ್ಡ ಪುಣ್ಯ.

ಸೆಕೆಂಡ್‌ಬೆಂಚ್_ಕುಡ್ಲ

ಹೌದು, ಕಟ್ ಇಲ್ಲದೆ ತೆಗೆದ ಆ ಒಂದು ಟೇಕನ್ನೇ ಎಡಿಟಿಂಗ್‌ನಲ್ಲಿ ಅರ್ಧ ಹಾಡಿಗೆ ಬಳಸಿದ್ದು. ನಿನ್ನೆ ಕ್ಲಾಸಿನಲ್ಲಿ ತೋರಿಸಿದೆವು. ಲೆಕ್ಚರರ್‌ಗೆ ಮುಟ್ಟಾಳೆ ಭಾರಿ ಇಷ್ಟವಾಯಿತು. ‘ಕಡಲಿನ ಹತ್ತಿರ ತಲೆ ಬರಿದು, ಮನೆಗೆ ಬಂದಾಗ ಅಜ್ಜನ ಟೊಪ್ಪಿ. ಇದನ್ನು ಯೋಚಿಸಿ ಇಟ್ಟದ್ದಾ?’ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹಾಡಿದ ಹುಡುಗ ‘ಹೌದು ಸರ್, ಬೇರು’ ಎಂದ.

ಪಾಠದಮನೆ

ಈ ವರ್ಷ ಅಂಥ ‘ಬೇರು’ ಎಷ್ಟು ನೋಡಿದ್ದೇನೋ, ಇನ್ನು ಮೇಲೆ ಎಲ್ಲದರ ಮೇಲೂ ಸಂಶಯ.

ಗೋಳಿಬಜೆ_ಫ್ಯಾನ್

ಲಿಂಕ್ ಎಲ್ಲಿ?

ಸೆಕೆಂಡ್‌ಬೆಂಚ್_ಕುಡ್ಲ

ಭಾನುವಾರ. ಅದಕ್ಕೆ ಮೊದಲು ಮುಂಬೈ ಮಾವನಿಗೆ ತೋರಿಸಬೇಕು. ಮುಟ್ಟಾಳೆ ವಾಪಸ್ ಕೊಡಲು ನಾಳೆ ಕಾರ್ಕಳಕ್ಕೆ ಹೋಗುತ್ತಿದ್ದೇನೆ. ಅಜ್ಜಿ ಎರಡು ಸಲ ಫೋನ್ ಮಾಡಿ ಕೇಳಿದರು.